ಮಾವಿಗೆ ಬನಿಯನ್

ಇದಕ್ಕೆಲ್ಲ ಮೂಲ ಒಂದು ಕೋತಿ. ಕೊಂಕಣದ ಪುಟ್ಟ ಊರು ಕೊಳಂಬೆವಾಡಿಯ ಭಾಸ್ಕರ ತಿರ್ಲೋಟ್‌ಕರನ ಮಾವಿನ ಕೊಟ್ಟಿಗೆಯ ಮೇಲೆ ಅದು ಹಲಸಿನ ಮರದಿಂದ ಹಾರಿತು, ಒಂದು ಹಂಚು ಸರಿಯಿತು, ಕೋತಿ ತನ್ನ ಪಾಡಿಗೆ ಹೊರಟುಹೋಯಿತು. ಅದರ ಹಿಂದೆಯೇ ಕಾಲವಲ್ಲದ ಕಾಲದಲ್ಲಿ ಒಂದು ಮಳೆ ಬಂತು. ಹಂಚಿನ ಸಂದಿಯಿಂದ ಕಳ್ಳನ ಹಾಗೆ ಇಳಿದ ನೀರು ಅಟ್ಟದ ಮೇಲಿದ್ದ ಭತ್ತದ ಹುಲ್ಲನ್ನೆಲ್ಲ ನೆನೆಸಿಬಿಟ್ಟಿತು. ಭಾಸ್ಕರ ಹತ್ತಿ ನೋಡುವ ಹೊತ್ತಿಗೆ ಹುಲ್ಲು ಮುಗ್ಗಲು ಹಿಡಿದು, ಹಳೆಯ ಕಂಬಳಿಯ ವಾಸನೆ ಬರುತ್ತಿತ್ತು.

ಹುಲ್ಲು ತಾನೇ, ಹೋದರೆ ಹೋಯಿತು ಎನ್ನಬೇಡಿ. ಆ ವರ್ಷ ಭಾಸ್ಕರನ ಮಾನ ಮಲಗಿದ್ದೇ ಆ ಹುಲ್ಲಿನ ಮೇಲೆ.

ಅಜ್ಜನ ಕಾಲದಿಂದಲೂ ವಾಡಿಯ ಹಾಪೂಸು ಮಾವು ವಾಶಿ ಮಾರ್ಕೆಟ್ಟಿನ ದಲಾಲಿ ಶೇಟ್‌ಗೆ ಹೋಗುತ್ತಿತ್ತು. ಈ ಸಲ ಭಾಸ್ಕರ ಮನೆಮನೆಗೆ ಅಲೆದು, ಎಲ್ಲರನ್ನೂ ಒಪ್ಪಿಸಿ, ಪುಣೆಯ ಕೆಲವು ಹಣ್ಣಿನಂಗಡಿಗಳ ಜೊತೆ ಮಾತಾಡಿದ್ದ. ಅವರಿಗೆ ಬೇಕಾದದ್ದು ಮಣ್ಣನ್ನೂ ಗಾಳಿಯನ್ನೂ ಕೆಡಿಸದೆ ಬರುವ ಹಣ್ಣು. ಕಾರ್ಬೈಡ್ ಪುಡಿ ಹಾಕಿ ಮಾಗಿಸಬಾರದು, ಪ್ಲಾಸ್ಟಿಕ್ ಸೋಕಬಾರದು, ಸಾಧ್ಯವಾದಷ್ಟು ಹೊಗೆ ಕಡಿಮೆ. "ನಮ್ಮ ಮಾವು ಹುಲ್ಲಲ್ಲಿ ಮಲಗಿ ಹುಲ್ಲಲ್ಲೇ ಊರು ಸೇರುತ್ತೆ. ಪ್ಲಾಸ್ಟಿಕ್ ಅಂದ್ರೆ ಏನು ಅಂತ ಅದಕ್ಕೆ ಗೊತ್ತೇ ಇಲ್ಲ" ಎಂದು ಭಾಸ್ಕರ ಎದೆ ತಟ್ಟಿ ಹೇಳಿದ್ದ. ಅದೇ ಉತ್ಸಾಹದಲ್ಲಿ ಶೇಟ್‌ಗೂ ಫೋನು ಮಾಡಿ, "ಇನ್ನು ನಿಮ್ಮ ಮೆಟ್ಟಿಲು ಹತ್ತೋದಿಲ್ಲ" ಎಂದಿದ್ದ. ಶೇಟ್ ಸಿಟ್ಟಾಗಲಿಲ್ಲ. "ಮೆಟ್ಟಿಲು ಎಲ್ಲಿಗೂ ಹೋಗಲ್ಲ ಭಾಸ್ಕರ್, ಇಲ್ಲೇ ಇರುತ್ತೆ" ಎಂದು ನಕ್ಕಿದ್ದರು. ಆ ನಗು ನೆನಪಾದಾಗಲೆಲ್ಲ ಭಾಸ್ಕರ ಕೊಟ್ಟಿಗೆಗೆ ಹೋಗಿ ಪೆಟ್ಟಿಗೆಗಳನ್ನು ಮತ್ತೊಮ್ಮೆ ಎಣಿಸುತ್ತಿದ್ದ.

ಪುಣೆಯಿಂದ ಒಬ್ಬ ಮೇಡಂ ಶುಕ್ರವಾರ ನೋಡಲು ಬರುವುದೆಂದು ನಿಶ್ಚಯವಾಗಿತ್ತು. ಮಾದರಿಗೆಂದು ಕೊಯ್ದ ಕಾಯಿಗಳು ಕೊಟ್ಟಿಗೆಯಲ್ಲಿದ್ದವು. ಬರಿಯ ಹಲಗೆಯ ಮೇಲಿಟ್ಟರೆ ಜಜ್ಜಿಹೋಗುತ್ತವೆ. ಭಾಸ್ಕರ ಸೀದಾ ಕಣಕವಲಿಗೆ ಹೋಗಿ, ಪೇಟೆಯಲ್ಲಿ ಸೇಬಿಗೆ ತೊಡಿಸುತ್ತಾರಲ್ಲ, ಸ್ಪಂಜಿನಂಥ ಬಿಳಿಯ ಪ್ಲಾಸ್ಟಿಕ್ ಬಲೆ, ಅದರದೊಂದು ಮೂಟೆ ತಂದ. ಶುಕ್ರವಾರದೊಳಗೆ ಎಲ್ಲಿಂದಲಾದರೂ ಒಣಹುಲ್ಲು ತಂದು ಇವನ್ನು ಬಿಚ್ಚಿದರಾಯಿತು ಎಂಬುದು ಅವನ ಲೆಕ್ಕ.

ಪಕ್ಕದ ಮನೆಯ ಜನಾ ವಹಿನಿ ಬೇಲಿಯ ಮೇಲಿನಿಂದಲೇ ನೋಡಿ, "ಅಯ್ಯಯ್ಯೋ ಭಾವೋಜಿ, ಮಾವಿಗೆಲ್ಲ ಬನಿಯನ್ ತೊಡಿಸಿದೀರಲ್ಲ! ಚಡ್ಡಿ ಯಾವಾಗ?" ಎಂದಳು. ಅಂದಿನಿಂದ ಅದರ ಹೆಸರು ಬನಿಯನ್ ಎಂದೇ ಆಯಿತು.

ಬುಧವಾರ ಬೆಳಿಗ್ಗೆ ಭಾಸ್ಕರ ಅಕ್ಕಿದೋಸೆಯಂಥ ಘಾವನ ಮುರಿದು ಬಾಯಿಗಿಡುತ್ತಿದ್ದಾಗ ಫೋನು ಬಂತು. ಮೇಡಂ ಶುಕ್ರವಾರ ಬೇರೆ ಕಡೆ ಹೋಗಬೇಕಂತೆ. ಇವತ್ತೇ ಬರುತ್ತಿದ್ದಾರಂತೆ. ಮಾದರಿ ಪೆಟ್ಟಿಗೆಗಳು ಸಂಜೆಯ ರೈಲಿಗೇ ಹೋಗಬೇಕಂತೆ. ಘಾವನ ತಟ್ಟೆಗೆ ಬಿತ್ತು.

ಸುದ್ದಿ ವಾಡಿಗೆಲ್ಲ ಹರಡಲು ವಿಶ್ರಾಮ ಪರಬನೊಬ್ಬ ಸಾಕು. ಹೆಸರು ವಿಶ್ರಾಮನಾದರೂ ನಾಲಿಗೆಗೆ ಅದು ಸಿಕ್ಕಿದ್ದಿಲ್ಲ. ಒಂದು ಗಳಿಗೆಯಲ್ಲಿ ಭಾಸ್ಕರನ ಅಂಗಳದಲ್ಲಿ ಮದುವೆಮನೆಯಷ್ಟು ಜನ ಸೇರಿ, ಕೈಗೆ ಸಿಕ್ಕ ಮಾವಿನ ಬನಿಯನ್ ಕಳಚತೊಡಗಿದರು.

"ಮೂಟೆ ಎಲ್ಲಿ ಹಾಕೋಣ? ಸುಟ್ಟುಬಿಡೋಣ್ವಾ?" ಎಂದ ಭಾಸ್ಕರ.

"ಸುಡ್ತೀಯಾ? ಆ ನಾತ ಠೇಶನ್ನಿಗೆ ಹೊಡೆಯುತ್ತೆ. ಮೇಡಂ ಮೂಗು ಹಿಡ್ಕೊಂಡೇ ಇಳೀತಾರೆ" ಎಂದ ವಿಶ್ರಾಮ.

"ಬಾವಿಗೆ ಹಾಕಿದ್ರೆ?"

"ತೇಲುತ್ತೆ, ಪೆದ್ದಾ!"

"ಇಷ್ಟೊಳ್ಳೆ ಮೆತ್ತನೆ ಸಾಮಾನು ಯಾಕೆ ಹಾಳು ಮಾಡ್ತೀರಿ?" ಎಂದಳು ಜನಾ ವಹಿನಿ. "ಮನೆಗೊಂದು ಹಿಡಿ ಹಂಚಿಬಿಡಿ. ನಾವು ಒಳಗಿಟ್ಕೋತೀವಿ, ಯಾರಿಗೂ ಕಾಣಲ್ಲ."

ಭಾಸ್ಕರನಿಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಸೆರಗಿನಲ್ಲಿ, ಪಂಚೆಯಲ್ಲಿ, ಬುಟ್ಟಿಯಲ್ಲಿ ಬನಿಯನ್‌ಗಳು ಹೊರಟುಹೋದವು. ಆದರೆ ಕೊಂಕಣದ ಮನೆಗೆ ಹೋದ ಯಾವ ಸಾಮಾನೂ ಸುಮ್ಮನೆ ಕೂತಿರುವುದಿಲ್ಲ, ತೆಂಗಿನ ಗೆರಟೆಗೂ ಅಲ್ಲಿ ಕೆಲಸವಿರುತ್ತದೆ ಎಂಬುದನ್ನು ಆ ಗಡಿಬಿಡಿಯಲ್ಲಿ ಅವನು ಮರೆತ.

ಇನ್ನು ಹುಲ್ಲು. ವಾಡಿಯಲ್ಲಿ ಒಣಹುಲ್ಲು ಉಳಿದಿದ್ದು ಒಂದೇ ಕಡೆ, ತಾತ್ಯಾ ಘಾಡಿಯ ಅಂಗಳದಲ್ಲಿ. ತಾತ್ಯಾ ಗ್ರಾಮದೇವರ ಮುಂದೆ ಗಾರಾಣೆ ಹೇಳುವ ಮನೆತನದವನು. ಊರಿನ ಕಷ್ಟಸುಖವನ್ನು ಗಟ್ಟಿಯಾಗಿ ದೇವರಿಗೆ ಒಪ್ಪಿಸುವುದು ಅವನ ಹಕ್ಕು. ವಾಡಿಯ ಕೊನೆಯ ಜೋಡೆತ್ತು ಢವಳ್ಯಾ, ಪವಳ್ಯಾ ಅವನವೇ. ದೀಪಾವಳಿಗೆ ಭಾಸ್ಕರ ಹಳದಿ ಬಣ್ಣದ ಟೆಂಪೋ ಕೊಂಡು, ಮುಂದೆ 'ಆಯಿಯ ಆಶೀರ್ವಾದ' ಎಂದು ಬರೆಸಿ ತಂದ ಮೇಲೆ ಅವುಗಳಿಗೆ ಕೆಲಸವಿರಲಿಲ್ಲ. ದಿನವಿಡೀ ಹುಲ್ಲು ಮೆಲ್ಲುತ್ತ, ಪಿಂಚಣಿದಾರರ ಹಾಗೆ ರಸ್ತೆ ನೋಡುತ್ತ ಇರುತ್ತಿದ್ದವು.

"ತಾತ್ಯಾ, ಹುಲ್ಲು ಕೊಡಿ. ಇಲ್ಲದಿದ್ರೆ ನಾನು ಶೇಟ್ ಮೆಟ್ಟಿಲು ಹತ್ಬೇಕು."

ತಾತ್ಯಾ ಎತ್ತುಗಳ ಕಡೆ ನೋಡಿದ. "ಇವು ಏನು ತಿನ್ಬೇಕು, ಝಿಲಾ, ಮಗಾ? ನಿನ್ನ ಟೆಂಪೋನಾ?"

"ನೀವು ಏನು ಕೇಳಿದ್ರೂ ಕೊಡ್ತೀನಿ!"

"ನಿನ್ನತ್ರ ಏನು ಕೇಳೋದು? ಕೇಳಬೇಕಾದವನ ಹತ್ರ ಕೇಳ್ತೀನಿ" ಎಂದು ತಾತ್ಯಾ ತಾನೇ ಕಟ್ಟುಗಳನ್ನು ಇಳಿಸಿಕೊಟ್ಟ. ಪವಳ್ಯಾನ ಬಾಯಲ್ಲಿದ್ದ ಹಿಡಿ ಹುಲ್ಲನ್ನು ಮಾತ್ರ ಎಳೆಯಲಿಲ್ಲ. ಅದರ ಕತ್ತು ಸವರಿ, "ಇರ್ಲಿ ಬಿಡು, ಮಧ್ಯಾಹ್ನ ಏನಾದ್ರೂ ಮಾಡೋಣ" ಎಂದ.

ಪೆಟ್ಟಿಗೆಗಳಲ್ಲಿ ಹುಲ್ಲು ಹಾಸಿ, ಕಾಯಿ ಜೋಡಿಸಿ, ಹೊಗೆ ಉಗುಳುವ ಟೆಂಪೋವನ್ನು ದೇವಸ್ಥಾನದ ಹಿಂದೆ ನಿಲ್ಲಿಸಿ, ಮೇಲೆ ತೆಂಗಿನ ಗರಿ ಮುಚ್ಚುವುದಕ್ಕೂ ಮೇಡಂ ಬೆಟ್ಟದ ಕಾಲುದಾರಿಯಿಂದ ಇಳಿದು ಬರುವುದಕ್ಕೂ ಸರಿಹೋಯಿತು.

ಹೆಸರು ಶರ್ಬಾಣಿ ಲಾಹಾ. ಬಂಗಾಳದ ಹೆಂಗಸು. ಠೇಶನ್ನಿನಿಂದ ನಡೆದೇ ಬಂದಿದ್ದಳು. ಹೆಗಲಲ್ಲಿ ಬಟ್ಟೆಯ ಚೀಲ, ಮಾತು ಹಿಂದಿಯಲ್ಲಿ. ವಾಡಿಯವರಿಗೆ ಧೈರ್ಯ ಬಂತು. ಮೇಡಂಗೆ ತಮ್ಮ ಊರಮಾತು ಮಾಲವಣಿ ಬಾರದು, ತಾವು ತಾವೇ ಏನು ಬೇಕಾದರೂ ಮಾತಾಡಿಕೊಳ್ಳಬಹುದು!

"ಎಷ್ಟು ಸಣ್ಣಗಿದಾಳೆ ಪಾಪ, ಗಾಳಿ ಬಂದ್ರೆ ಸಮುದ್ರಕ್ಕೆ ಹೋಗ್ತಾಳೆ" ಎಂದಳು ಜನಾ ವಹಿನಿ ಮಾಲವಣಿಯಲ್ಲಿ, ಕೋಕಂ ಶರಬತ್ತಿನ ಲೋಟ ಕೊಡುತ್ತ.

ಮೇಡಂ ನಕ್ಕು ಲೋಟ ತೆಗೆದುಕೊಂಡಳು. ಅರ್ಧ ಕುಡಿದು, "ಪೆಟ್ಟಿಗೆ ಆಮೇಲೆ ನೋಡ್ತೀನಿ. ಮೊದಲು ತೋಟ, ಮನೆಗಳು" ಎಂದಳು.

ಭಾಸ್ಕರ ಅವಳ ದಾರಿಗೆ ಅಡ್ಡ ಬಂದ. "ಮನೆಗಳು ಯಾಕೆ ಮೇಡಂ?"

"ಹಣ್ಣು ಎಂಥವರ ಕೈಯಿಂದ ಬರುತ್ತೆ ಅಂತ ನೋಡ್ಬೇಕಲ್ಲ."

ಮೊದಲ ಆಘಾತ ಅವನ ಜಗಲಿಯಲ್ಲೇ ಕಾದಿತ್ತು. ಅವನ ತಾಯಿ, ಆಯಿ, ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದಳು. ವಾತದ ಎರಡು ಮಂಡಿಗೂ ಒಂದೊಂದು ಬಿಳಿಯ ಬನಿಯನ್!

"ಇದೇನು?" ಎಂದಳು ಮೇಡಂ.

"ಔಷಧಿ!" ಎಂದ ಭಾಸ್ಕರ. "ಹಳೇ ಕಾಲದ ಔಷಧಿ."

"ಎಷ್ಟು ಬೆಚ್ಚಗಿದೆ ಗೊತ್ತಾ, ನನ್ನ ಮಗ ಕಣಕವಲಿಯಿಂದ..." ಎಂದು ಆಯಿ ಮಾಲವಣಿಯಲ್ಲಿ ಶುರುಮಾಡಿದಳು. ಭಾಸ್ಕರ ಜೋರಾಗಿ ಕೆಮ್ಮಿದ. ಮೇಡಂ ಬಗ್ಗಿ, ಜಾರಿದ್ದ ಒಂದು ಬನಿಯನ್ನನ್ನು ಆಯಿಯ ಮಂಡಿಯ ಮೇಲೆ ಮೆಲ್ಲಗೆ ಎಳೆದು ಸರಿಮಾಡಿ, ಪುಸ್ತಕದಲ್ಲಿ ಏನೋ ಬರೆದುಕೊಂಡಳು.

ಮುಂದೆ ಜನಾ ವಹಿನಿಯ ಚಪ್ಪರ. ನೊಣ ಕಚ್ಚದಿರಲೆಂದು ಅವಳು ಪ್ರತಿ ಹೀರೆಕಾಯಿಗೂ ಬನಿಯನ್ ತೊಡಿಸಿದ್ದಳು. ಕಾಯಿಗಳು ಸಾಲಾಗಿ, ಸ್ನಾನಕ್ಕೆ ನಿಂತ ಹುಡುಗರ ಹಾಗೆ ತೂಗಾಡುತ್ತಿದ್ದವು.

"ಇದು?"

"ದೃಷ್ಟಿಗೆ ಮೇಡಂ! ಕೆಟ್ಟ ಕಣ್ಣು ಬೀಳಬಾರ್ದು ಅಂತ."

"ಭೇಷ್!" ಎಂದ ವಿಶ್ರಾಮ ಮಾಲವಣಿಯಲ್ಲಿ. "ಹೀಗೇ ಹೇಳ್ತಾ ಹೋಗು. ಮುಂದೆ ಕೋಳಿಗೂಡಿದೆ, ಅಲ್ಲಿ ಮೊಟ್ಟೆಗೆಲ್ಲ ಹಾಕಿದಾಳೆ. ಅದಕ್ಕೂ ಒಂದು ಯೋಚನೆ ಮಾಡ್ಕೋ."

"ಬಾಯಿ ಮುಚ್ಚು!"

"ಯಾಕೆ? ಅವಳಿಗೇನು ಅರ್ಥ ಆಗುತ್ತೆ?"

ಮೇಡಂ ಹೀರೆಕಾಯಿಯನ್ನೇ ನೋಡುತ್ತಿದ್ದಳು. ಅವಳ ತುಟಿಯ ಕೊನೆ ಸ್ವಲ್ಪ ಅಲುಗಿತೋ ಏನೋ, ಬೆವರು ಕಣ್ಣಿಗಿಳಿದಿದ್ದ ಭಾಸ್ಕರನಿಗೆ ಸರಿಯಾಗಿ ಕಾಣಲಿಲ್ಲ. ಅವಳು ಮತ್ತೆ ಬರೆದುಕೊಂಡಳು. ಈ ಸಲ ಹೆಚ್ಚು ಹೊತ್ತು ಬರೆದಳು.

ವಿಶ್ರಾಮನ ಸೈಕಲ್ಲಿನ ಸೀಟಿಗೂ ಬನಿಯನ್ ಬಂದಿತ್ತು. ವಹಿನಿಯ ಮೇಕೆಗೆ ಹಾಯುವ ಚಾಳಿ. ಅದರ ಎರಡು ಕೊಂಬಿಗೂ ಬನಿಯನ್ ಏರಿಸಿದ್ದರು. ಮೇಕೆ ಟೊಪ್ಪಿ ಹಾಕಿದ ಪುಢಾರಿಯ ಹಾಗೆ ಅವರ ಹಿಂದೆಯೇ ಬರತೊಡಗಿತು. "ಇದು ಹಬ್ಬಕ್ಕೆ" ಎಂದ ಭಾಸ್ಕರ, ಯಾವ ಹಬ್ಬ ಎಂದು ಅವಳು ಕೇಳದಿರಲಿ ಎಂದು ಎಲ್ಲ ದೇವರನ್ನೂ ನೆನೆಯುತ್ತ.

"ಭಾಸ್ಕರ್‌ಜೀ, ಪೆಟ್ಟಿಗೆಗಳು ಇಲ್ಲಿಂದ ಠೇಶನ್ನಿಗೆ ಹೇಗೆ ಹೋಗ್ತವೆ?" ಎಂದು ಮೇಡಂ ಕೇಳಿದಳು.

"ಅದು... ಹೋಗ್ತವೆ ಮೇಡಂ. ಹೇಗೋ ಹೋಗ್ತವೆ. ಈಗ ಗಾರಾಣೆಗೆ ಹೊತ್ತಾಯ್ತು!"

ಹೊಸ ಕೆಲಸ ಶುರುವಾಗುವಾಗ ಗಾರಾಣೆ ಇಲ್ಲದೆ ಕೊಳಂಬೆವಾಡಿಯಲ್ಲಿ ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ತಾತ್ಯಾ ದೇವರೆದುರು ತೆಂಗಿನಕಾಯಿ ಹಿಡಿದು ಒಂದೊಂದೇ ಮಾತು ಹೇಳುತ್ತ ಹೋಗುತ್ತಾನೆ. ಪ್ರತಿ ಮಾತಿಗೂ ಊರೆಲ್ಲ ಒಂದೇ ಕೊರಳಲ್ಲಿ "ವ್ಹಯ್ ಮ್ಹಾರಾಜಾ!" ಎನ್ನಬೇಕು. ಎಂದರೆ 'ಹೌದು ಮಹಾರಾಜಾ' ಎಂದು ಒಪ್ಪಿದ ಹಾಗೆ. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಮಾತಾದ್ದರಿಂದ ತಾತ್ಯಾನ ದನಿ ನಿಂತ ಕಡೆ ಅಲ್ಲಿನವರ ಬಾಯಿ ತಾನಾಗಿ ತೆರೆಯುತ್ತದೆ. ಕಿವಿಯ ಅಪ್ಪಣೆಗೆ ಕಾಯುವುದಿಲ್ಲ.

ಎಲ್ಲರೂ ದೇವಸ್ಥಾನದ ಅಂಗಳದಲ್ಲಿ ನಿಂತರು. ಪೆಟ್ಟಿಗೆಗಳನ್ನು ದೇವರ ಮುಂದೆ ಸಾಲಾಗಿ ಇಟ್ಟಿದ್ದರು. ಮೇಡಂ ಚಪ್ಪಲಿ ಬಿಟ್ಟು, ಚೀಲವನ್ನು ಕಂಬಕ್ಕೊರಗಿಸಿ, ಕೈ ಮುಗಿದಳು.

"ಬಾ ದೇವಾ ಮ್ಹಾರಾಜಾ! ಹನ್ನೆರಡು ವಾಡಿಯ ಒಡೆಯನೇ! ದೂರದಿಂದ ಒಬ್ಬ ಹೆಣ್ಣುಮಗಳು ಬಂದಿದಾಳೆ, ಅವಳ ಹೊಟ್ಟೆ ತಣ್ಣಗಿರಲಿ!"

"ವ್ಹಯ್ ಮ್ಹಾರಾಜಾ!"

"ಕೋತಿ ಬಂತು, ಹಂಚು ಜಾರ್ತು, ಹುಲ್ಲು ಕೊಳೀತು! ಈ ಭಾಸ್ಕರ ಬುದ್ಧಿಗೆಟ್ಟು ಕಣಕವಲಿಯಿಂದ ಬನಿಯನ್ ತಂದ! ಹೆದರ್ಕೊಂಡು ಸುಳ್ಳು ಹೇಳಿದ! ನಾವೂ ಜೊತೆಗೂಡಿ ಮುಚ್ಚಿಟ್ವಿ! ತಪ್ಪಾಯ್ತು, ಹೊಟ್ಟೆಗೆ ಹಾಕ್ಕೋ!"

"ವ್ಹಯ್ ಮ್ಹಾರಾಜಾ!"

ಭಾಸ್ಕರ ತಾತ್ಯಾನಿಗೆ ಸಾಕೆಂದು ಕಣ್ಣಲ್ಲೇ ಸನ್ನೆ ಮಾಡಿದ. ಆದರೆ ಗಾರಾಣೆಯಲ್ಲಿ ಸುಳ್ಳು ಹೇಳುವ ಹಾಗಿಲ್ಲ. ಮೇಡಂ ಕಡೆ ಓರೆಗಣ್ಣಲ್ಲಿ ನೋಡಿದ. ಅವಳು ಭಕ್ತಿಯಿಂದ ಕಣ್ಣು ಮುಚ್ಚಿದ್ದಳು. ಭಾಷೆ ಬಾರದ್ದು ಎಷ್ಟು ಒಳ್ಳೆಯದಾಯಿತು!

ಅಷ್ಟರಲ್ಲಿ ಮೇಕೆ ಜನರ ಕಾಲುಗಳ ನಡುವೆ ನುಸುಳಿ ಕಂಬದ ಬಳಿ ಬಂತು. ಚೀಲ ಮೂಸಿತು. ಮೇಡಂನ ಪುಸ್ತಕದ ಮೂಲೆ ಚೀಲದಿಂದ ಹೊರಗೆ ಇಣುಕುತ್ತಿತ್ತು. ವಾಡಿಯ ಹಣೆಬರಹವೇ ಇದ್ದ ಆ ಪುಸ್ತಕವನ್ನು ಮೇಕೆ ನಾಲಿಗೆಯಿಂದ ಒಮ್ಮೆ ರುಚಿ ನೋಡಿತು. ಭಾಸ್ಕರ ಕೈ ಮುಗಿದುಕೊಂಡೇ ಎಡಗಾಲು ಚಾಚಿ "ಹುಷ್" ಎಂದ. ಮೇಕೆ ಅಲುಗಲಿಲ್ಲ. ತಾತ್ಯಾ ಏನೋ ಉದ್ದಕ್ಕೆ ಹೇಳುತ್ತಿದ್ದ. ದನಿ ನಿಂತಿತು. "ವ್ಹಯ್ ಮ್ಹಾರಾಜಾ!" ಎಂದ ಭಾಸ್ಕರ, ಮೇಕೆಯನ್ನು ಬೆದರಿಸಲೂ ಆಯಿತೆಂದು ಎಲ್ಲರಿಗಿಂತ ಗಟ್ಟಿಯಾಗಿ. ಮೇಕೆ ಪುಸ್ತಕವನ್ನು ಅರ್ಧ ಹೊರಗೆಳೆಯಿತು. ತಾತ್ಯಾ ಮತ್ತೆ ಹೇಳಿದ. "ವ್ಹಯ್ ಮ್ಹಾರಾಜಾ!" ಎಂದು ಅರಚಿ ಭಾಸ್ಕರ ಕಾಲು ಝಾಡಿಸಿದ. ಮೇಕೆ ಓಡಿತು. ಕಾಯಿ ಒಡೆಯಿತು. ಪುಸ್ತಕ ಉಳಿಯಿತು. ಭಾಸ್ಕರ ದೀರ್ಘವಾಗಿ ಉಸಿರುಬಿಟ್ಟ.

ಮೇಡಂ ಕಣ್ಣು ತೆರೆದಳು. "ಗಾರಾಣೆ ಚೆನ್ನಾಗಿ ಹೇಳಿದ್ರಿ ತಾತ್ಯಾ" ಎಂದಳು. ಹಿಂದಿಯಲ್ಲಲ್ಲ, ಅಪ್ಪಟ ಮಾಲವಣಿಯಲ್ಲಿ.

ಜನಾ ವಹಿನಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ನಮ್ಮತ್ತೆ ಕುಡಾಳದವರು. ಮದುವೆ ಆದಾಗಿಂದ ನನ್ನನ್ನ ಬಯ್ಯೋದು ಇದೇ ಭಾಷೇಲಿ. ಏನಂತ ಬಯ್ತಾರೆ ಅಂತ ತಿಳ್ಕೊಳ್ಳೋಕೇ ಕಲಿತೆ." ಅವಳು ಜನಾ ವಹಿನಿಯ ಕಡೆ ತಿರುಗಿ, "ಗಾಳಿಗೆ ಇನ್ನೂ ಹಾರಿಲ್ಲ ನೋಡಿ, ನಿಮ್ಮ ಶರಬತ್ತಿನ ಶಕ್ತಿ" ಎಂದಳು.

ಭಾಸ್ಕರನಿಗೆ ವಾಶಿಯ ಮೆಟ್ಟಿಲುಗಳು ಒಂದೊಂದಾಗಿ ಕಣ್ಣೆದುರು ಎದ್ದು ನಿಂತವು. "ಮೇಡಂ, ನಮ್ಮಿಂದ..."

"ಬೆಳಿಗ್ಗೆಯಿಂದ ನಾನು 'ಬೇಡ' ಅಂತಲೇ ಬರ್ಕೊಂಡಿದ್ದೆ. ಬನಿಯನ್ ತಂದಿದ್ದಕ್ಕಲ್ಲ. ತಂದಿದ್ದನ್ನ ನಿಮ್ಮೂರಲ್ಲಿ ಯಾರೂ ಬಿಸಾಡಿಲ್ಲ, ಮಂಡಿಯಿಂದ ಮೇಕೆ ತನಕ ಬಳಸ್ತಿದೀರಿ. ಸುಳ್ಳು ಹೇಳಿದ್ರಲ್ಲ, ಅದಕ್ಕೆ. ಆದ್ರೆ ಈಗ ದೇವರೆದುರು ಎಲ್ಲರಿಗಿಂತ ಗಟ್ಟಿಯಾಗಿ ನೀವೇ ಒಪ್ಪಿಕೊಂಡ್ರಲ್ಲ, ಆ 'ಬೇಡ'ವನ್ನ ಹೊಡೆದು ಹಾಕ್ತೀನಿ."

"ಬನಿಯನ್ ವಿಚಾರ ತಾನೇ?" ಎಂದ ಭಾಸ್ಕರ, ಜೀವ ಬಂದವನಂತೆ.

"ಅದೂ. ಮುಖ್ಯ ಅಂದ್ರೆ ಆಮೇಲಿಂದು."

"ಆಮೇಲಿಂದು... ಯಾವುದು?"

ವಾಡಿಯವರೆಲ್ಲ ನೆಲ ನೋಡಿದರು. ತಾತ್ಯಾ ಕಾಯಿಯ ಹೋಳು ಒರೆಸುತ್ತ, ಹಾಲು ಕುಡಿದ ಮಗುವಿನ ಮುಖ ಮಾಡಿ ಹೇಳಿದ: "ಈ ಸುಗ್ಗಿ ಪೂರ್ತಿ ನಮ್ಮ ಮಾವು ಹೊಗೆ ಉಗುಳೋ ಟೆಂಪೋ ಹತ್ತೋದಿಲ್ಲ, ಢವಳ್ಯಾ ಪವಳ್ಯಾನೇ ಠೇಶನ್ನಿಗೆ ಎಳೀತಾವೆ ಅಂದೆ ನಾನು. ವ್ಹಯ್ ಅಂದೆ ನೀನು. ಭಾಸ್ಕರ ಅವುಗಳ ಮುಂದೆ ನಡ್ಕೊಂಡು ಹೋಗ್ತಾನೆ ಅಂದೆ. ಅದಕ್ಕೂ ನೀನು ವ್ಹಯ್ ಅಂದೆ. ಎಂಥಾ ವ್ಹಯ್ ಅಂತೀಯಾ! ಗಂಟೆ ಅಲ್ಲಾಡ್ತು."

"ನಾನು ಮೇಕೆ ನೋಡ್ತಿದ್ದೆ ತಾತ್ಯಾ!"

"ದೇವರು ನಿನ್ನನ್ನ ನೋಡ್ತಿದ್ದ, ಝಿಲಾ. ಕೇಳಬೇಕಾದವನ ಹತ್ರ ಕೇಳ್ತೀನಿ ಅಂದಿರಲಿಲ್ವಾ?"

ದೇವಸ್ಥಾನದ ಹಿಂದಿನಿಂದ, ತೆಂಗಿನ ಗರಿಗಳ ನಡುವೆ, 'ಆಯಿಯ ಆಶೀರ್ವಾದ' ಹಳದಿಯಾಗಿ ಇಣುಕುತ್ತಿತ್ತು.

"ಮರದಿಂದ ರೈಲಿನ ತನಕ ಹೊಗೆಯಿಲ್ಲ, ಪ್ಲಾಸ್ಟಿಕ್ ಇಲ್ಲ" ಎಂದಳು ಮೇಡಂ ಪುಸ್ತಕದ ಒದ್ದೆ ಮೂಲೆಯನ್ನು ಒರೆಸುತ್ತ. "ಇಂಥ ಮಾತು ಕೊಟ್ಟವರು ನನಗೆ ಇನ್ನೂ ಸಿಕ್ಕಿರಲಿಲ್ಲ. ನಾನು ಕಾಲುದಾರೀಲಿ ಮುಂದೆ ಹೋಗಿರ್ತೀನಿ. ಗಾಡಿ ಬಂದ ಮೇಲೆ ಒಂದು ಪೆಟ್ಟಿಗೆ ತೆಗೆದು ನೋಡಿ, ಅಲ್ಲೇ ಸಹಿ ಹಾಕ್ತೀನಿ."

ಮಧ್ಯಾಹ್ನದ ಬಿಸಿಲಿನಲ್ಲಿ ಗಾಡಿ ಕಟ್ಟಿದರು. ಭಾಸ್ಕರ ಹೊರಡುವಾಗ ಆಯಿ ಕುಂಟುತ್ತ ಬಂದು, ತನ್ನ ಮಂಡಿಯಿಂದ ಎರಡು ಬನಿಯನ್ ಬಿಚ್ಚಿ ಅವನ ಜೇಬಿಗೆ ತುರುಕಿದಳು. "ಏರು ಹತ್ತಿ ಕಾಲು ನೋಯುತ್ತೆ ಮಗಾ. ವಾಪಸ್ ಬರುವಾಗ ಹಾಕ್ಕೋ. ನಾನು ಇವತ್ತು ಕೂತೇ ಇರ್ತೀನಿ."

ಏರು ಎಂದರೆ ಏರು. ತಿಂಗಳುಗಟ್ಟಲೆ ಕೂತು ತಿಂದ ಎತ್ತುಗಳು ಹತ್ತು ಮಾರು ನಡೆದರೆ ಇಪ್ಪತ್ತು ಮಾರಿನ ಆಯಾಸ ಪಟ್ಟವು. ಒಂದು ತಿರುವಿನಲ್ಲಿ ಶೇಟ್‌ನ ಲಾರಿ ಹೊಗೆಯುಗುಳುತ್ತ ಪಕ್ಕಕ್ಕೆ ಬಂದು ನಿಧಾನಿಸಿತು. ಡ್ರೈವರು ತಲೆ ಹೊರಹಾಕಿ, "ಏನು ಭಾಸ್ಕರ್‌ಶೇಟ್, ಟೆಂಪೋಗೆ ಕೊಂಬು ಬಂದಿದೆ?" ಎಂದ. ನಕ್ಕರೂ, ಕುಡಿಯುವ ನೀರಿನ ಬಾಟಲಿಯನ್ನು ಅವನ ಕೈಗೆ ಕೊಟ್ಟೇ ಹೋದ.

ಗುಡ್ಡದ ನೆತ್ತಿಯಲ್ಲಿ ಎತ್ತುಗಳು ಇನ್ನು ನಡೆಯುವುದಿಲ್ಲವೆಂದು ನಿಂತುಬಿಟ್ಟವು. ಭಾಸ್ಕರ ನೊಗ ಬಿಚ್ಚಿ, ನೀರು ಹುಡುಕಲು ಝರಿಯ ಕಡೆ ಇಳಿದ. ಕೊಡಪಾನ ತುಂಬಿಕೊಂಡು ಬಂದು ನೋಡುತ್ತಾನೆ, ಢವಳ್ಯಾ ಗಾಡಿಯೊಳಗೆ ಕತ್ತು ಹಾಕಿ ನಿಂತಿದೆ! ಮೇಲಿನ ಪೆಟ್ಟಿಗೆಯ ಸಡಿಲ ಪಟ್ಟಿ ಕಿತ್ತಿದೆ. ಬೆಳಿಗ್ಗೆ ತನ್ನ ಮುಂದಿನಿಂದ ಎದ್ದುಹೋದ ಹುಲ್ಲು ಎಲ್ಲಿಗೆ ಹೋಗಿತ್ತೆಂದು ಅದಕ್ಕೆ ಈಗ ಗೊತ್ತಾಗಿದೆ. ಪವಳ್ಯಾ ಪಕ್ಕದಲ್ಲಿ ತನ್ನ ಪಾಲನ್ನು ಮೆಲ್ಲುತ್ತಿದೆ.

ಪೆಟ್ಟಿಗೆಯಲ್ಲಿ ಮಾವು ಬರಿಮೈಯಲ್ಲಿ ಹಲಗೆಗೆ ಒರಗಿದ್ದವು. ಕೆಳಗೆಲ್ಲೋ ದೂರದಿಂದ ರೈಲಿನ ಕೂಗು ಕೇಳಿತು. ಭಾಸ್ಕರ ಸುತ್ತಲೂ ನೋಡಿದ. ಕಲ್ಲು, ಕಾರೆಮುಳ್ಳು. ತಲೆಯ ಟವೆಲನ್ನು ತುರುಕಿದ. ಅಂಗಿ ಬಿಚ್ಚಿ ತುರುಕಿದ. ಆದರೂ ಪೆಟ್ಟಿಗೆ ಅಲುಗಿಸಿದರೆ ಮೂಲೆಯಲ್ಲಿ ಎರಡು ಕಾಯಿ ಗಡಗಡ ಎನ್ನುತ್ತಲೇ ಇದ್ದವು. ಅಂಗಿಯ ಜೇಬಿನಲ್ಲಿ ಕೈಗೆ ಏನೋ ಮೆತ್ತಗೆ ತಾಗಿತು.

ಇರುವ ಪೆಟ್ಟಿಗೆಗಳಲ್ಲಿ ಮೇಡಂ ಇದೊಂದನ್ನೇ ಯಾಕೆ ತೆಗೆಯುತ್ತಾಳೆ ಎಂದುಕೊಂಡ. ಇಳಿಜಾರಿನಲ್ಲಿ ಅದನ್ನು ಎಲ್ಲಕ್ಕಿಂತ ಕೆಳಗೆ ಇಡಬೇಕೆಂದೂ ಅಂದುಕೊಂಡ. ಹೊತ್ತಿರಲಿಲ್ಲ.

ಬರಿಮೈಯ ಭಾಸ್ಕರ ಎತ್ತುಗಳ ಮುಂದೆ ಓಡುತ್ತ ಠೇಶನ್ ಸೇರಿದಾಗ ಮೇಡಂ ಪೆನ್ನು ತೆರೆದುಕೊಂಡು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ, ಅವಳ ಜೊತೆ ಕಾಲುದಾರಿಯಲ್ಲೇ ಬಂದಿದ್ದ ವಿಶ್ರಾಮ, ತಾತ್ಯಾ, ಜನಾ ವಹಿನಿ. ಮೇಡಂ ಎದ್ದು ಬಂದು, ಕೈಗೆ ಹತ್ತಿರ ಸಿಕ್ಕ ಮೇಲಿನ ಪೆಟ್ಟಿಗೆಯ ಮುಚ್ಚಳ ಸರಿಸಿದಳು. ಟವೆಲು ತೆಗೆದಳು. ಅಂಗಿ ತೆಗೆದಳು. ಮೂಲೆಯಲ್ಲಿ ಎರಡು ಮಾವು ಬಿಳಿಯ ಬನಿಯನ್ ತೊಟ್ಟು, ಶಾಲೆಗೆ ಹೊರಟ ಮಕ್ಕಳಂತೆ ಅಚ್ಚುಕಟ್ಟಾಗಿ ಕೂತಿದ್ದವು.

ರೈಲು ಬಂದು ನಿಂತಿತು. ಢವಳ್ಯಾ ಬಾಯಿಯ ಅಂಚಿನಿಂದ ಕೊನೆಯ ಕಡ್ಡಿಯನ್ನೂ ಒಳಗೆಳೆದುಕೊಂಡು, ಏನೂ ಅರಿಯದವನಂತೆ ರೈಲನ್ನು ನೋಡಿತು.

ಮೇಡಂ ಪೆನ್ನಿನ ಮುಚ್ಚಳ ನಿಧಾನವಾಗಿ ಹಾಕಿದಳು. "ಇದು ಔಷಧಿಗೋ ಭಾಸ್ಕರ್‌ಜೀ, ದೃಷ್ಟಿಗೋ?" ಎಂದು ಕೇಳಿದಳು.

ಭಾಸ್ಕರ, ಎತ್ತು ಹುಲ್ಲು ತಿಂದಿತೆನ್ನಬೇಕೆಂದು ಬಾಯಿ ತೆರೆದ. ತಾತ್ಯಾನ ಮುಖ ಕಂಡಿತು. ಗಾರಾಣೆಯಲ್ಲಿ ನಿಲ್ಲುವ ಹಾಗೆಯೇ ಮೇಡಂನ ದನಿ ನಿಂತಿತ್ತು.

"ವ್ಹಯ್ ಮ್ಹಾರಾಜಾ" ಎಂದುಬಿಟ್ಟ.